ಕಣಿವೆಯ ಮರಗಳಿಗೆ ಸುಣ್ಣ

"ಎಲ್ಲಾ ಒಳ್ಳೆಯದಕ್ಕೇ" ಎಂದು ನಗುನಗುತ್ತಾ ಹೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಗ್ರೀಸಿನ ಎವಿಯಾ ದ್ವೀಪದ ನಮ್ಮ ಗುಡ್ಡ ಹೋದ ಆಗಸ್ಟಿನಲ್ಲಿ ಪೂರ್ತಿ ಸುಟ್ಟುಹೋಯಿತು. ನಮ್ಮದು ಕೊಡಲಿಯಿಂದ ತೊಗಟೆ ಕೆತ್ತಿ ಪೈನ್ ಮರದಿಂದ ರಾಳ ಇಳಿಸುವ ಮನೆತನ. ಅಜ್ಜ ಇಳಿಸಿದ, ಅಪ್ಪ ಇಳಿಸಿದ, ಗಂಡುಮಕ್ಕಳಿಲ್ಲದ ಮನೆಯಲ್ಲಿ ನಾನೂ ಕೊಡಲಿ ಹಿಡಿದೆ. ಬೆಂಕಿ ಬಂದ ದಿನ ಮರ ಉಳಿಸುತ್ತೇನೆಂದು ಹೋದ ಅಪ್ಪ ಎದೆ ತುಂಬ ಹೊಗೆ ಕುಡಿದು ಬಂದ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ತೀರಿಕೊಂಡ. ಕೊನೆಗೆ ಉಳಿದದ್ದು ಕಣಿವೆಯ ತಳದಲ್ಲಿ ಒಂದಷ್ಟು ಮರ, ಅವೂ ಅರೆಬೆಂದವು.

ಚಳಿಗಾಲವೆಲ್ಲ ನಾನು ಕಿಟಕಿಯ ಪಕ್ಕ ಕೂತಿದ್ದೆ. ಒಳಗೆ ಸಿಟ್ಟು ಕುದಿಯುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಊರವರು ಬಂದು, ಜಂಬೇತಾ ಎಷ್ಟು ಗಟ್ಟಿಗಿತ್ತಿ, ಎಷ್ಟು ಸಮಾಧಾನ ಎಂದು ನನ್ನನ್ನು ಹೊಗಳಿ ಹೋಗುತ್ತಿದ್ದರು. ಸಮಾಧಾನವಂತೆ, ಮಣ್ಣಂತೆ. ಹಾಲ್ಕಿದಾ ಪಟ್ಟಣದ ಒಂದು ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ ಸಿಕ್ಕಿತ್ತು. ಈಸ್ಟರ್ ಹಬ್ಬ ಕಳೆದ ಬುಧವಾರದ ಬಸ್ಸಿಗೆ ಅಮ್ಮನನ್ನೂ ಕರೆದುಕೊಂಡು ಊರು ಬಿಡುವುದೆಂದು ತೀರ್ಮಾನಿಸಿದ್ದೆ. ಊರಿಗೆಲ್ಲ ಅದು ಗೊತ್ತಿತ್ತು.

ಇನ್ನು ಅರ್ಗಿರಿಸ್. ಜೇನು ಸಾಕುವವನು. ಅವನ ಜೇನುಪೆಟ್ಟಿಗೆಗಳೂ ಸುಟ್ಟುಹೋಗಿದ್ದವು. ಆದರೆ ಅವನು ಊರ ತುಂಬ ನಗುತ್ತಾ ಓಡಾಡುತ್ತಿದ್ದ. ನಮ್ಮ ಕಿಟಕಿಯ ಮುಂದೆ ಹಾಯುವಾಗ ಟೋಪಿ ಎತ್ತಿ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡುತ್ತಿದ್ದ. ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಜೇನಿನವರಿಗೂ ನಮಗೂ ಹಳೇ ಜಗಳ. ಪೈನ್ ತೊಗಟೆಯ ಮೇಲೆ ಬಿಳಿ ಹತ್ತಿ ಮೆತ್ತಿದ ಹಾಗೆ ಕೂರುವ ಒಂದು ಹುಳ ಇದೆ. ಅದು ಮರದ ರಸ ಹೀರಿ ಸಿಹಿ ಒಸರುತ್ತದೆ, ಜೇನುನೊಣ ಆ ಸಿಹಿಗೆ ಬರುತ್ತದೆ. ಅದಕ್ಕಾಗಿ ಜೇನಿನವರು ಬೇರೆ ಕಡೆಯಿಂದ ಹುಳ ತಂದು ನಮ್ಮ ಮರಗಳಿಗೆ ಬಿಡುತ್ತಿದ್ದರು. ಮರ ಸೊರಗುತ್ತದೆ ಎಂದು ಅಪ್ಪ ಅವರ ಮೇಲೆ ಕೊಡಲಿ ಎತ್ತಿಕೊಂಡು ಹೋಗುತ್ತಿದ್ದ. ಅರ್ಗಿರಿಸ್ ಪ್ರತಿ ಬೇಸಿಗೆ ನಮ್ಮ ರಾಳದ ಪೀಪಾಯಿಯ ಮೇಲೆ ಒಂದು ಬಾಟಲಿ ಜೇನು ಇಟ್ಟುಹೋಗುತ್ತಿದ್ದ. ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಮರದ ಹಿಂದೆ ನಿಂತು ಬೆರಳಲ್ಲಿ ಅದ್ದಿ ತಿನ್ನುತ್ತಿದ್ದೆ. ಅದು ಅವನಿಗೆ ಗೊತ್ತು ಎಂದು ನನಗೂ ಗೊತ್ತಿತ್ತು.

ಹಬ್ಬದ ವಾರ ಅಥೆನ್ಸಿನಿಂದ ಒಬ್ಬ ಮೇಡಂ ಬಂದರು, ನೊಂದವರಿಗೆ ಧೈರ್ಯ ಹೇಳಲು. ಕಾಫಿ ಅಂಗಡಿಯಲ್ಲಿ ನಮ್ಮನ್ನೆಲ್ಲ ಗುಂಡಗೆ ಕೂರಿಸಿ, ಬೆಂಕಿಯಿಂದ ಆದ ಒಂದು ಒಳ್ಳೆಯದನ್ನು ಹೇಳಿ ಎಂದರು. ಅರ್ಗಿರಿಸ್ ಎದ್ದು ನಿಂತು, ಮೊದಲು ಮರ ಅಡ್ಡ ಇತ್ತು, ಈಗ ನಮ್ಮ ಮನೆಯಿಂದ ಸಮುದ್ರ ಕಾಣುತ್ತದೆ ಎಂದ. ಎಲ್ಲರೂ ನಕ್ಕರು.

ಆ ಬೆಳಿಗ್ಗೆಯೇ ನಾನು ರಸ್ತೆಯಿಂದ ಕಣಿವೆಯತ್ತ ನೋಡಿದ್ದೆ. ಉಳಿದ ಮರಗಳ ಕಾಂಡವೆಲ್ಲ ಬೆಳ್ಳಗಾಗಿತ್ತು.

"ನಿನ್ನ ಸಮುದ್ರಕ್ಕೆ ಬೆಂಕಿ ಬೀಳ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಉಳಿದಿರೋ ನಾಕು ಮರಕ್ಕೂ ಹುಳ ಬಿಟ್ಟಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ? ಅರೆಜೀವದ ಮರದ ರಕ್ತ ಹೀರಿಸ್ತೀಯಾ?"

ಅವನು ನನ್ನನ್ನೇ ನೋಡಿದ. ಹುಬ್ಬು ಮೇಲೇರಿತು, ಬಾಯಿ ಅರ್ಧ ತೆರೆಯಿತು, ಮತ್ತೆ ಮುಚ್ಚಿತು. ಆಮೇಲೆ ಮುಖ ಅರಳಿತು. ನಿಜವಾಗಿ ಅರಳಿತು, ದರಿದ್ರದವನದ್ದು.

ಮೇಡಂ ನನ್ನ ಭುಜ ಹಿಡಿದು, ದೀರ್ಘವಾಗಿ ಉಸಿರು ಎಳೆದುಕೊಳ್ಳಿ ಎಂದರು.

"ಉಸಿರು ಎಳ್ಕೊಂಡೇ ನಮ್ಮಪ್ಪ ಸತ್ತಿದ್ದು ಮೇಡಂ," ಎಂದೆ. ನಾನು ಎದ್ದು ಬಂದುಬಿಟ್ಟೆ.

ಮಾರನೇ ಬೆಳಿಗ್ಗೆ ತಂತಿ ಬ್ರಷ್ ಹಿಡಿದು ಕಣಿವೆಗೆ ಇಳಿದೆ, ಒಂದೊಂದು ಹುಳವನ್ನೂ ಕಿತ್ತು ಹಾಕುವ ಹಟದಿಂದ. ಮೊದಲ ಮರ ಉಜ್ಜಿದೆ. ಹುಳವಿಲ್ಲ. ಪುಡಿ ಉದುರಿತು, ಅಂಗೈ ಬೆಳ್ಳಗಾಯಿತು. ಮೂಸಿ ನೋಡಿದೆ. ಸುಣ್ಣ.

ಹಬ್ಬ ಬಂದರೆ ನಮ್ಮ ಕಡೆ ಅಂಗಳಕ್ಕೂ ಅಂಗಳದ ಮರಗಳಿಗೂ ಸುಣ್ಣ ಹೊಡೆಯುತ್ತಾರೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಸುಣ್ಣ ಮುಟ್ಟುವುದಿಲ್ಲ. ಅದಕ್ಕೇ ಈ ಸಲ ಸುಣ್ಣದ ನೆನಪೇ ನನಗೆ ಬಂದಿರಲಿಲ್ಲ. ಸುತ್ತಲಿನ ಕಾಡು ಹೋದ ಮೇಲೆ ಬಿಸಿಲು ನೇರ ಬೆಂದ ತೊಗಟೆಯ ಮೇಲೆ ಬಿದ್ದು ಅದನ್ನು ಸೀಳುತ್ತದೆ, ಸುಣ್ಣ ತಡೆಯುತ್ತದೆ. ಇದನ್ನು ನಾನು ಮಾಡಬೇಕಿತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ನನ್ನ ಮೇಲೇ ನನಗೆ ರೇಗಿತು.

ಸುಣ್ಣ ಮೆತ್ತಿದ ಖಾಲಿ ಬಕೆಟ್ ಹಿಡಿದು ಅರ್ಗಿರಿಸ್ ಇಳಿದು ಬಂದ. ನನ್ನ ಬಿಳಿ ಅಂಗೈ ನೋಡಿ ನಿಂತ.

"ನಿನ್ನೆ ಯಾಕೋ ಬಾಯಿ ಬಿಡಲಿಲ್ಲ? ಸುಣ್ಣ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಚಳಿಗಾಲ ಪೂರ್ತಿ ನಿಮ್ಮ ಕಿಟಕಿ ಮುಂದೆ ಓಡಾಡಿದೀನಿ. ಗೋಡೆ ನೋಡಿದ ಹಾಗೆ ನನ್ನ ನೋಡ್ತಿದ್ದೆ. ನಿನ್ನೆ ಬೈದೆಯಲ್ಲ, ನಾನು ಮಾತಾಡಿದ್ರೆ ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಸುಮ್ಮನಿದ್ದೆ."

ಎಲ್ಲ ಕಳೆದುಕೊಂಡು ಹೇಗೆ ನಗುತ್ತೀಯ ಎಂದು ಕೇಳಿದೆ. ಆಗ ಅವನ ನಗು ಹೋಯಿತು. ಬೆಂಕಿ ಆರಿದ ಮೇಲೆ ಒಂದು ಪೆಟ್ಟಿಗೆ ಅರ್ಧ ಉಳಿದಿತ್ತಂತೆ. ಮುಚ್ಚಳ ತೆಗೆದರೆ ಮೇಣವೆಲ್ಲ ಕರಗಿ, ನೊಣಗಳು ರಾಣಿಯ ಸುತ್ತ ಮುದ್ದೆಯಾಗಿ ಸತ್ತಿದ್ದವಂತೆ. ಒಂದೂ ಬಿಟ್ಟು ಹೋಗಿರಲಿಲ್ಲವಂತೆ.

"ದಿನಾ ಇಲ್ಲಿ ಬಂದು ಈ ಗುಡ್ಡಕ್ಕೆ ಬೈತೀನಿ ಕಣೇ. ಗಂಟಲು ಕಟ್ಟೋವರೆಗೂ. ಆಮೇಲೆ ಮುಖ ತೊಳ್ಕೊಂಡು ಮನೆಗೆ ಹೋಗ್ತೀನಿ. ನಗದೇ ಇದ್ರೆ ಬೆಳಿಗ್ಗೆ ಮತ್ತೆ ಏಳೋಕಾಗಲ್ಲ ನಂಗೆ."

ಆ ಕ್ಷಣ ನನಗೆ ಪ್ರೀತಿ ಉಕ್ಕಿತು ಎಂದರೆ ಸುಳ್ಳಾದೀತು. ಸಿಟ್ಟೇ ಉಕ್ಕಿತು. ಇಷ್ಟು ದಿನ ಒಬ್ಬನೇ ಬೈದುಕೊಂಡನಲ್ಲ, ನನ್ನನ್ನು ಕರೆಯಬಾರದಿತ್ತೇ? ಆ ಸಿಟ್ಟಿನ ಅಡಿಯಲ್ಲೇ ಪ್ರೀತಿ ಇತ್ತು.

ಮರದ ಸುತ್ತ ಒಂದು ಸುತ್ತು ಬಂದೆ. ಸುಣ್ಣ ರಸ್ತೆ ಕಡೆಗಷ್ಟೇ ಬಿದ್ದಿತ್ತು.

"ಪಡುವಣ ಬಿಟ್ಟಿದೀಯಲ್ಲೋ. ಸಂಜೆವರೆಗೂ ಬಿಸಿಲು ಹೊಡೆಯೋದೇ ಅಲ್ಲಿ."

"ಜೇನಿನ ಪೆಟ್ಟಿಗೆ ಬಾಗಿಲು ಮೂಡಣಕ್ಕೆ ಇಟ್ಟು ಅಭ್ಯಾಸ. ಅದೇ ಮುಂಭಾಗ ಅಂತ ಶುರು ಮಾಡಿದೆ. ಆಮೇಲೆ ಸುಣ್ಣ ಮುಗೀತು, ಅಂಗಡೀಲೂ ಇಲ್ಲ."

ಸುಣ್ಣ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ನಮ್ಮ ಮೆಟ್ಟಿಲ ಕೆಳಗೆ, ಅಪ್ಪ ನೆನೆಹಾಕಿ ಮುಚ್ಚಿಟ್ಟ ಡ್ರಮ್ಮಿನಲ್ಲಿ. ಮನೆಗೆ ಹೋಗಿ ಅದರ ಮುಚ್ಚಳ ಎಬ್ಬಿಸುತ್ತಿದ್ದಾಗ ಕಪ್ಪು ಬಟ್ಟೆಯ ಅಮ್ಮ ಬಾಗಿಲಿಗೆ ಬಂದಳು.

"ಸಾವಿನ ಮನೆ ಕಣೇ ಇದು. ಸುಣ್ಣ ಮುಟ್ತೀಯಾ?"

"ಮನೆಗಲ್ಲಮ್ಮ. ಮರಕ್ಕೆ."

ಅಮ್ಮ ಡ್ರಮ್ಮನ್ನೇ ನೋಡುತ್ತಾ ನಿಂತಳು. ಬೈದು ಒಳಗೆ ಕಳಿಸುತ್ತಾಳೆ ಅಂದುಕೊಂಡೆ. ಅವಳು ತಾನೇ ಒಳಗೆ ಹೋಗಿ ಅಪ್ಪನ ಉದ್ದ ಹಿಡಿಯ ಬ್ರಷ್ ತಂದಳು.

"ನೀರು ಜಾಸ್ತಿ ಹಾಕಬೇಡ. ಪಡುವಣಕ್ಕೆ ಎರಡು ಕೈ ಹೊಡಿ, ನಿಮ್ಮಪ್ಪ ಹಾಗೇ ಮಾಡ್ತಿದ್ದಿದ್ದು," ಎಂದಳು. ಅಪ್ಪನ ಬಗ್ಗೆ ಅವಳು ಬಾಯಿ ಬಿಟ್ಟದ್ದು ಸಾವಿನ ನಂತರ ಅದೇ ಮೊದಲು.

ಮಧ್ಯಾಹ್ನವೆಲ್ಲ ಹೊಡೆದೆವು. ಈ ಮರಗಳು ಚೇತರಿಸಿಕೊಳ್ಳುವವರೆಗೆ ನಾನು ಕೊಡಲಿ ತರುವುದಿಲ್ಲ, ನೀನು ಹುಳ ತರಕೂಡದು ಎಂದೆ. ಒಪ್ಪಿದ. ಚೇತರಿಸಿಕೊಂಡ ಮೇಲೆ ಏನು ಎಂದು ಕೇಳಿದ. ಆಮೇಲೆ ಜಗಳ ಆಡೋಣ ಎಂದೆ.

ಅವನು ಬ್ರಷ್ ಬಕೆಟ್ಟಿನಲ್ಲಿ ಬಿಟ್ಟ. ಕಿವಿ ಕೆಂಪಾಗಿತ್ತು, ರೆಪ್ಪೆಯ ಮೇಲೆ ಸುಣ್ಣದ ಹನಿ ಇತ್ತು. "ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತೆ ಮಾರಾಯ್ತಿ. ಅಷ್ಟು ದಿನ ಕಾಯೋಕೆ ಒಂದೇ ಮನೇಲಿ ಇದ್ರೆ ವಾಸಿ ಅಲ್ವಾ? ಬುಧವಾರ ಹೋಗಬೇಡ."

ನಾನು ಅವನ ಕೈ ಹಿಡಿದು ಕಪ್ಪು ಗುಡ್ಡದ ಕಡೆಗೆ ತಿರುಗಿಸಿದೆ.

"ಮೊದಲು ಬೈಯೋಣ ಬಾ. ಒಟ್ಟಿಗೆ."

ಬೈದೆವು. ಬೆಂಕಿಗೆ, ಗಾಳಿಗೆ, ನೀರು ಸುರಿಯಲು ತಡವಾಗಿ ಬಂದ ವಿಮಾನಗಳಿಗೆ, ಎಲ್ಲ ಒಳ್ಳೆಯದಕ್ಕೇ ಎಂದ ಪ್ರತಿಯೊಬ್ಬರಿಗೂ. ಗಂಟಲು ಕಟ್ಟಿದ ಮೇಲೆ ನಾನು ಅತ್ತೆ. ಅವನೂ ಅತ್ತ. ಅಳುತ್ತಲೇ ಹೂಂ ಎಂದೆ.

ಹಬ್ಬ ಕಳೆದ ಬುಧವಾರ ಬಸ್ಸು ರಸ್ತೆಯ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋಯಿತು. ನಾವು ಕಣಿವೆಯಲ್ಲಿದ್ದೆವು. ಅವನು ಮತ್ತೆ ಮೂಡಣದ ಕಡೆಯಿಂದಲೇ ಶುರು ಮಾಡಿದ್ದ, ನಾನು ಬೈಯುತ್ತಿದ್ದೆ.