ಬಾವಿಕಟ್ಟೆಯ ಜರೀಗಿಡ

"ಅಯ್ಯಯ್ಯೋ! ಬ್ಯಾಡ್ರಿ... ಜೀವಾ ಕಳ್ಕೋಬ್ಯಾಡ್ರಿ!"

ನಾಲವಾರದ ಹಳೇ ಬಾವಿಯೊಳಗೆ ಬಾಗಿದ್ದವನನ್ನು ಕಂಡು ಮಾಣಿಕಮ್ಮ ಕೊಡ ಬಿಸಾಕಿ ಓಡಿದಳು. ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಪರ್ರ್ ಅಂತ ಹರಿಯಿತು!

"ಬಿಡ್ರಿ, ಬಿಡ್ರಿ! ನಾ ಸಾಯಾಕ ಬಂದಿಲ್ಲ. ಈ ಗಿಡ ಕೀಳಾಕತ್ತೀನಿ!"

ತಿರುಗಿ ನೋಡಿದವನು ಹೈಸ್ಕೂಲಿನ ಹೊಸ ಸೈನ್ಸ್ ಮಾಸ್ತರ ಅಂಬಾರಾಯ. ಕೈಯಲ್ಲಿ ಕಲ್ಲುಸಂದಿಯಿಂದ ಕಿತ್ತ ಜರೀಗಿಡ. ಮಾಣಿಕಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರಿಗೆಲ್ಲ ಬಟ್ಟೆ ಹೊಲಿಯುವವಳು, ಆ ಅಂಗಿಯನ್ನೂ ತಾನೇ ಹೊಲಿದುಕೊಟ್ಟಳು.

ಆಮೇಲೆ ಮಾಸ್ತರರ ಅಂಗಿಗಳು ಯಾಕೋ ವಾರವಾರವೂ ಹರಿಯತೊಡಗಿದವು! ಗುಂಡಿ ಕೂಡ ನಿಲ್ಲುತ್ತಿರಲಿಲ್ಲ, ಪಾಪ.

ಒಂದು ಸಂಜೆ ಅದೇ ಗಿಡವನ್ನು ಕುಂಡದಲ್ಲಿ ನೆಟ್ಟು ತಂದ.

"ನನ್ನ ಮದಿವಿ ಆಗ್ತೀರೇನ್ರಿ?" ಒಂದೇ ಉಸಿರಿಗೆ ಕೇಳಿಬಿಟ್ಟ.

ಅವಳ ಒಪ್ಪಿಗೆ ನಾಲಿಗೆ ತುದಿಗೇ ಬಂದಿತ್ತು. ಆದರೆ ನಾಚಿಕೆ ಬಿಡಬೇಕಲ್ಲ!

"ಈ ಗಿಡ ಹೂ ಬಿಟ್ಟ ದಿನ ಹೇಳ್ತೀನ್ರಿ."

ಆತನ ಮುಖ ಬಾಡಿತು. ಕುಂಡ ಅಲ್ಲೇ ಇಟ್ಟು ಹೋದ. ಮತ್ತೆ ಬರಲೇ ಇಲ್ಲ.

'ನಾಕು ದಿನ ತಡಿಯಾಕ ಆಗಲಿಲ್ಲೇನು ಈತಗ?' ಸಿಟ್ಟು ಬಂದರೂ ದಿನಾ ನೀರು ಹಾಕಿದಳು. ಸುರುಳಿ ಸುತ್ತಿದ ಎಳೆ ಚಿಗುರು ಕಂಡಾಗಲೆಲ್ಲ 'ಮೊಗ್ಗು ಬಂತು!' ಎಂದು ಕುಣಿಯುವಳು. ವಾರ ಕಳೆಯುವಷ್ಟರಲ್ಲಿ ಅದು ಬಿಚ್ಚಿಕೊಂಡು ಎಲೆಯಾಗುವುದು. ಮತ್ತೊಂದು... ಅದೂ ಎಲೆ! ಹೀಗೇ ಮೂರು ತಿಂಗಳಾಯಿತು.

ಒಂದು ಬೆಳಿಗ್ಗೆ ಎಲೆ ಹೊರಳಿಸಿ ನೋಡಿದರೆ, ಹಿಂಬದಿಯೆಲ್ಲ ಕಂದು ಚುಕ್ಕಿ! ಅಷ್ಟರಲ್ಲಿ ಗೆಳತಿ ನೂರಜಹಾನ್ ಓಡಿಬಂದಳು.

"ಮಾಸ್ತರ ಚಿಂಚೋಳಿಗೆ ವರ್ಗ ಮಾಡಿಸ್ಕೊಂಡಾರಂತ. ನಾಳಿಗೆ ಹೊಂಟಾರ!"

ಕುಂಡ ಎತ್ತಿಕೊಂಡು ಮಾಣಿಕಮ್ಮ ಶಾಲೆಗೆ ಓಡಿದಳು. ಆತ ಪುಸ್ತಕ ಕಟ್ಟುತ್ತಿದ್ದ.

"ಮಾಸ್ತರ... ಗಿಡಕ್ಕ ರೋಗ ಬಂದದ್ರಿ! ಔಷಧ ಏನರ ಹೇಳ್ರಿ. ಇದು ಹೂ ಬಿಡದ ಸತ್ರ, ನಾ ಯಾವಾಗ ಒಪ್ಕೊಳ್ಳಿ?" ಅಳು ಉಕ್ಕಿ ಬಂತು.

ಅಂಬಾರಾಯನ ಕೈಯಿಂದ ಹಗ್ಗ ಜಾರಿತು.

"ಅಂದ್ರ... ನಿಮಗ ಗೊತ್ತಿಲ್ಲೇನ್ರಿ? ಜರೀಗಿಡ ಎಂದೂ ಹೂ ಬಿಡಂಗಿಲ್ಲ! ಸಣ್ಣಾಕಿದ್ದಾಗಿಂದ ಆ ಬಾವಿ ನೀರು ಸೇದಿದವರು, ಗೊತ್ತಿದ್ದೇ ಹಂಗಂದ್ರಿ, ನಾ ಬ್ಯಾಡಾದೆ ಅಂತ ತಿಳ್ಕೊಂಡೆ..."

"ದೇವರೇ! ಮತ್ತ ಆ ಮೊಗ್ಗು?"

"ಅವು ಎಳೀ ಎಲಿ. ಇದರ ಕಾಂಡ ಮಣ್ಣಾಗ ಅಡ್ಡ ಮಲಗಿರ್ತದ, ಅಲ್ಲಿಂದ ಎಲಿ ಹಂಗೇ ಸುರುಳಿ ಸುತ್ಕೊಂಡು ಬರ್ತಾವ. ಈ ಚುಕ್ಕಿನೂ ರೋಗಲ್ರಿ. ಒಳಗ ಧೂಳಿನಂಥ ಬೀಜಕ ಅದಾವ. ಹೂ ಇಲ್ಲ, ಕಾಯಿ ಇಲ್ಲ, ಅವುಗಳಿಂದನೇ ಹೊಸ ಗಿಡ. ಭಾಳ ಛಲೋ ಬೆಳಸೀರಿ!"

ಅಬ್ಬಾ! ಅವಳು ಬೆಂಚಿನ ಮೇಲೆ ಕುಸಿದು ಕೂತು, ಅಳುತ್ತಲೇ ನಕ್ಕಳು. ಎದೆ ಹಗುರಾಯಿತು.

"ಚಿಂಚೋಳಿ ಗುಡ್ಡದಾಗ ಈ ಗಿಡ ಅದಾವೇನ್ರಿ?"

"ಹಳ್ಳದ ದಂಡಿಗೆ ಬೇಕಾದಷ್ಟು."

"ಹಂಗಾದ್ರ ಈ ಕುಂಡ ಅವ್ವನ ಹತ್ರನೇ ಇರಲಿ. ನಾ ಅಲ್ಲಿ ಹಳ್ಳದ ಗಿಡಾನ ನೋಡ್ಕೋತೀನಿ. ಇವತ್ತೇ ಬಂದು ಅಪ್ಪಗ ಕೇಳ್ರಿ... ಹರೀಲಾರದ ಅಂಗಿ ಹಾಕ್ಕೊಂಡು ಬರ್ರಿ ಮತ್ತ!"

"ಹರೀಲಾರದ್ದು ಒಂದೂ ಉಳದಿಲ್ರಿ..."

"ತರ್ರಿ ಇಲ್ಲಿ." ಅವಳು ಕಣ್ಣೊರೆಸಿಕೊಂಡಳು. "ಇನ್ನಮ್ಯಾಲ ಬೇಕಂತಲೇ ಹರ್ಕೊಂಡು ಬರೋ ಜರೂರತ್ ಇಲ್ಲ."