ಫೋನು ಅವನದು, ವಾಚು ಅವಳದು

ಯೋಗಿತಾಳ ಎಡಗೈ ಮೇಲಿನ ಸ್ಮಾರ್ಟ್‌ವಾಚ್ ಒಮ್ಮೆಲೇ ಗುಂಯ್ ಎಂದು ನಡುಗಿತು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದವಳು ಬೆಚ್ಚಿಬಿದ್ದಳು.

'ಫೋನ್ ಕನೆಕ್ಟೆಡ್!'

ಅವಳ ಬ್ಯಾಗಿನಲ್ಲಿದ್ದದ್ದು ಬಟನ್ ಫೋನು. ಈ ವಾಚಿಗೆ ಗೊತ್ತಿದ್ದದ್ದು ಒಂದೇ ಒಂದು ಫೋನು... ತಿಲಕ್‌ನದು!

ಅಂದರೆ ಅವನು ಇಲ್ಲೇ ಎಲ್ಲೋ ಇದ್ದಾನೆ! ಅವಳು ಸುತ್ತಲೂ ಕಣ್ಣಾಡಿಸಿದಳು.

ಅವಳು ಕೊಬ್ಬರಿ ಆರಿಸುವ ಶೆಡ್ಡಿಗೆ ಗೂಡ್ಸ್ ಗಾಡಿ ತರುತ್ತಿದ್ದ ತಿಲಕ್, ಈ ವಾಚನ್ನು ತಾನೇ ಅವಳ ಕೈಗೆ ಕಟ್ಟಿದ್ದ.

"ನಿನ್ ಫೋನಿಗೆ ಇದು ಸೇರಲ್ಲ ಕಣೇ. ನನ್ ಫೋನಿಗೇ ಸೇರಿಸಿದೀನಿ. ನಾನು ಹತ್ರ ಬಂದ್ರೆ ಇದೇ ಹೇಳುತ್ತೆ," ಎಂದು ನಕ್ಕಿದ್ದ.

ಆಮೇಲೆ ಕೇಳಬೇಕೆ? ಕೈ ಕೊಬ್ಬರಿಯ ಮೇಲೆ, ಗಮನವೆಲ್ಲ ಮಣಿಕಟ್ಟಿನ ಮೇಲೆ!

ಆದರೆ ಅವನಿಗೆ ಬರುವ ಮೆಸೇಜೂ ಅದರಲ್ಲಿ ಕಾಣುತ್ತಿತ್ತಲ್ಲ... ಒಂದು ದಿನ ಅವನ ಅಮ್ಮನದು ಕಂಡಿತು. 'ಹುಡುಗಿ ಮನೆಯವರು ಒಪ್ಪಿದ್ದಾರೆ. ಬೇಗ ಬಾ.'

ಏನು ಎತ್ತ ಎಂದು ಕೇಳಬಾರದಿತ್ತೆ? ಊಹೂಂ! ಅವನು ಊರಿಗೆ ಹೋಗಿ ಬಂದ ದಿನವೇ, "ಇನ್ಮೇಲೆ ನನ್ನ ಮಾತಾಡಿಸ್ಬೇಡಿ," ಎಂದುಬಿಟ್ಟಳು. ಅವನಿಗೂ ಬಿಗುಮಾನ. ಶೆಡ್ಡಿಗೆ ಬರುವುದನ್ನೇ ಬಿಟ್ಟ; ಗಾಡಿ ಹುಳಿಯಾರು ಕಡೆ ತಿರುಗಿತು.

ಅಂದಿನಿಂದ ವಾಚು ಬರೀ ಗಂಟೆ ತೋರಿಸುತ್ತಿತ್ತು. ಬಿಚ್ಚಿಡಲು ಮನಸ್ಸಾಗಲಿಲ್ಲ. ಚಾರ್ಜ್ ಮಾಡುವಳು, ಕಟ್ಟಿಕೊಳ್ಳುವಳು, ಕಟ್ಟಿಕೊಂಡೇ ಮಲಗುವಳು. ಶೆಡ್ಡಿನ ತುಂಬ ಹೆಂಗಸರ ಮಾತು, ನಗು... ಅದರ ನಡುವೆ ಅವಳೊಬ್ಬಳೇ. ಹೊರಗೆ ಯಾವ ಗಾಡಿ ಬಂದು ನಿಂತರೂ ಮಣಿಕಟ್ಟು ಸುಮ್ಮನೇ ಇರುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು.

"ಯೋಗಿತಾ..."

ಬೆನ್ನ ಹಿಂದೆ ಅವನೇ! ಎಷ್ಟು ಸೊರಗಿದ್ದಾನೆ...

"ಹೆಂಗಿದೀಯಾ?"

"ನಂಗೇನು? ಹೊಟ್ಟೆ ತುಂಬ ಉಣ್ತೀನಿ, ಕಣ್ತುಂಬ ನಿದ್ದೆ ಮಾಡ್ತೀನಿ." ಮುಖ ತಿರುಗಿಸಿದಳು. "ನಿಮ್ಮ ಮದ್ವೆ ಆಯ್ತಾ?"

ಅವನು ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತ. ಕಣ್ಣು ತುಂಬಿ ಬಂತು.

"ಸುಳ್ಳು ಯಾಕೆ ಹೇಳ್ತೀಯೇ?" ಫೋನನ್ನು ಅವಳತ್ತ ಹಿಡಿದ. "ನಿನ್ ವಾಚು ಈಗ ತಾನೇ ನಿನ್ ನಿದ್ದೆ ಲೆಕ್ಕ ಎಲ್ಲಾ ನನ್ ಫೋನಿಗೆ ಒಪ್ಪಿಸ್ತು. ಈ ವಾರ ಒಂದು ರಾತ್ರಿನೂ ನೀನು ಸರಿಯಾಗಿ ಮಲಗಿಲ್ಲ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಫೋನು ಹತ್ತಿರವಿಲ್ಲದಾಗಲೂ ಈ ಹಾಳಾದ್ದು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತೇ! 'ಛೀ, ಇದಕ್ಕೆ ಚಾರ್ಜ್ ಬೇರೆ ಹಾಕಿದೆನಲ್ಲ...'

"ಹುಡುಗಿ ಮನೆಯವ್ರು ಒಪ್ಪಿದ್ರಲ್ಲ? ನಿಮ್ಮಮ್ಮನ ಮೆಸೇಜು ಇದ್ರಲ್ಲೇ ನೋಡಿದೆ," ಅವಳ ದನಿ ಒಡೆಯಿತು.

ತಿಲಕ್ ಹಣೆ ಚಚ್ಚಿಕೊಂಡ. "ಅದಕ್ಕಾ ಹಂಗಂದಿದ್ದು? ಅವ್ರು ಒಪ್ಪಿದ್ರು ಕಣೇ. ನಾನು ಒಪ್ಪಿರ್ಲಿಲ್ಲ! ಆಗಲ್ಲ ಅಂತ ಹೇಳೋಕೇ ಊರಿಗೆ ಹೋಗಿದ್ದು."

ಯೋಗಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು.

"ಮತ್ತೆ... ಈ ವಾಚನ್ನ ನಿಮ್ ಫೋನಿಂದ ಯಾಕೆ ತೆಗೀಲಿಲ್ಲ?"

"ತೆಗೆದಿದ್ರೆ, ಟೀ ಕುಡೀತಾ ಕೂತಿದ್ದೋನಿಗೆ ನೀನಿಲ್ಲಿರೋದು ಹೆಂಗೆ ಗೊತ್ತಾಗ್ತಿತ್ತು? ನೀನ್ಯಾಕೆ ಬಿಚ್ಚಿಡ್ಲಿಲ್ಲ?"

ಅವಳು ತಲೆ ತಗ್ಗಿಸಿದಳು. "ನೀವು ಹತ್ರ ಬಂದ್ರೆ ಹೇಳುತ್ತೆ ಅಂದಿದ್ರಲ್ಲ..."

ತುರುವೇಕೆರೆ ಬಸ್ಸು ಬಂತು. ಜನ ಹತ್ತಿದರು. ಬಸ್ಸು ಹೊರಟಿತು.

"ಬಸ್ ಹೋಯ್ತಲ್ಲೇ!"

"ಹೋಗ್ಲಿ ಬುಡಿ."

ಅವಳ ಕೈಯನ್ನು ಅವನು ಮೆಲ್ಲಗೆ ಹಿಡಿದುಕೊಂಡ. "ಇವತ್ತಾದ್ರೂ ನಿದ್ದೆ ಮಾಡ್ತೀಯಾ?"

"ನಾಳೆ ಶೆಡ್ಡಿನ ಹತ್ರ ಬನ್ನಿ," ಯೋಗಿತಾ ಕಣ್ಣೊರೆಸಿಕೊಂಡು ನಕ್ಕಳು. "ನಿಮ್ ಫೋನೇ ಹೇಳುತ್ತೆ."