ಉಂಡೆ ತೇಲುವ ಹೊತ್ತು

"ಬಿಡಬೇಡಿ! ಬಿಟ್ರೆ ನೋಡಿ!"

ಈಜು ಕಲಿಸುವ ತಿಂಗ್-ಯಾವ್‌ನ ಎರಡೂ ಮಣಿಕಟ್ಟುಗಳಲ್ಲಿ ಅವಳ ಉಗುರು ನಾಟಿತ್ತು. ಕೊಳದ ನೀರು ಎದೆಮಟ್ಟಕ್ಕಷ್ಟೇ ಇತ್ತು, ನಿಂತರೆ ಕಾಲು ನೆಲಕ್ಕೆ ತಾಗುತ್ತಿತ್ತು. ಆದರೆ ಹೆದರಿಕೆಯಲ್ಲಿ ಯಾರಿಗೂ ನಿಲ್ಲುವುದು ನೆನಪಾಗುವುದಿಲ್ಲ.

"ನಾನೆಲ್ಲಿ ಹಿಡ್ಕೊಂಡಿದೀನಿ? ಹಿಡ್ಕೊಂಡಿರೋದು ನೀವು. ತಲೆ ಎತ್ತಬೇಡಿ, ಎತ್ತಿದಷ್ಟೂ ಕಾಲು ಮುಳುಗುತ್ತೆ."

"ತಗ್ಗಿಸಿದ್ರೆ ಮೂಗು ಮುಳುಗುತ್ತೆ!"

"ಮುಳುಗಲಿ. ಮೂಗಿನಿಂದ ಗಾಳಿ ಬಿಡ್ತಾ ಇದ್ರೆ ನೀರು ಒಳಗೆ ಬರಲ್ಲ. ಏನಾದ್ರೂ ಗುನುಗ್ತಾ ಇರಿ."

ಅವಳು ಕಾಲೂರಿ ನಿಂತು ಕೆಮ್ಮಿದಳು. ಟೋಪಿಯ ಅಂಚು ಹಣೆಯ ಮೇಲೆ ಕೆಂಪು ಗೆರೆ ಎಳೆದಿತ್ತು. ಈಜುಗನ್ನಡಕ ಮೇಲೇರಿಸಿದಾಗ ಕಣ್ಣಿನ ಸುತ್ತ ಎರಡು ಉಂಗುರ ಉಳಿದವು.

"ಏಳನೇ ತಿಂಗಳಲ್ಲಿ ನೀರೊಳಗೆ ಹಾಡು ಅಂತೀರಲ್ಲ, ನಿಮ್ಮಮ್ಮ ಕೇಳಿದ್ರೆ ಏನಂತಾರೆ?"

"ನಮ್ಮಮ್ಮನಿಗೆ ಗೊತ್ತಾದ್ರೆ ಇಬ್ಬರಿಗೂ ಪೊರಕೆ ಪೂಜೆ."

ಅವಳು ನಕ್ಕಳು. ಆ ತಿಂಗಳಲ್ಲಿ ಆ ಕೊಳದಲ್ಲಿ ನಗಲು ಇದ್ದವರು ಅವರಿಬ್ಬರೇ.

ಚಾಂದ್ರಮಾನದ ಏಳನೇ ತಿಂಗಳು ಹುಟ್ಟಿತೆಂದರೆ ಜೀಲುಂಗ್ ಬಂದರಿನಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ, 'ಒಳ್ಳೇ ಅಣ್ಣಂದಿರು' ಊರು ಸುತ್ತುತ್ತಿರುತ್ತಾರೆ. ದೆವ್ವ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಅವರಲ್ಲಿ ಮುಳುಗಿ ಸತ್ತವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಎಳೆದುಕೊಂಡರೆ ಮಾತ್ರ ಮುಂದಿನ ಜನ್ಮ. ಎಳೆಯಲು ಅವರಿಗೆ ಹೆಸರು ಸಿಕ್ಕರೆ ಸಾಕು. ಹಾಗಾಗಿ ಗುಡ್ಡದ ಮೇಲಿನ ಈ ಈಜುಕೊಳವೂ ಖಾಲಿ ಹೊಡೆಯುತ್ತದೆ. ಮುಂಜಾನೆಯ ಅಜ್ಜಿಯರಿಲ್ಲ, ರಜೆಯ ಮಕ್ಕಳಿಲ್ಲ. ಇಂಥ ತಿಂಗಳ ಮೊದಲ ದಿನ ಅವಳು ಹೊಸ ಟೋಪಿ ಹಿಡಿದು ಬಂದಿದ್ದಳು.

"ಒಂದು ಷರತ್ತು. ನೀರಿನ ಹತ್ತಿರ ನನ್ನ ಹೆಸರು ಕರೀಬಾರದು. ನಿಮ್ಮದನ್ನ ನಾನೂ ಕರೆಯಲ್ಲ."

"ಮತ್ತೆ ಏನಂತ ಕೂಗಲಿ?"

ಅವಳು ಸಂತೆಪೇಟೆಯ ಬಾಯಲ್ಲಿ ಮೀನಿನ ಉಂಡೆ ಮಾರುತ್ತಿದ್ದಳು. ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ ಬಿಳಿ ಮೆಣಸಿನ ಘಮ. ಅಂದು ಮೊಣಕಾಲು ತಬ್ಬಿಕೊಂಡು, ಮೈ ಮುದುಡಿ ತೇಲುವುದನ್ನು ಹೇಳಿಕೊಟ್ಟ. ಅವಳು ಮುದುಡಿದಳು, ನೇರ ತಳಕ್ಕೆ ಹೋದಳು.

"ಉಂಡೆ," ಎಂದ ಅವನು. "ನಿಮ್ಮ ಹೆಸರು ಸಿಕ್ತು."

"ಹಸಿ ಉಂಡೆ ಮುಳುಗುತ್ತೆ ಮೇಷ್ಟ್ರೇ. ಬೆಂದ್ಮೇಲೆ ತಾನೇ ಮೇಲೆ ಬರುತ್ತೆ. ನಾನಿನ್ನೂ ಬೆಂದಿಲ್ಲ." ಆಮೇಲೆ ಅವನ ಅಗಲ ಭುಜ, ಚಪ್ಪಟೆ ಎದೆ ನೋಡಿ, ತುಟಿ ಕಚ್ಚಿ ಹೇಳಿದಳು, "ನೀವು ಈಜು ಕಲಿಯೋರ ತೇಲು ಹಲಗೆ. ಹಿಡ್ಕೊಂಡು ಕಾಲು ಬಡಿಯೋಕಷ್ಟೇ ಲಾಯಕ್ಕು."

ಅವಳ ಹೆಸರು ಪೇ-ಯುನ್. ಕೊಳದ ಬಾಗಿಲಲ್ಲಿ ಕಲಿಯುವವರ ಹೆಸರಿನ ಫಲಕ ಓದಿ ತಿಳಿದಿದ್ದ. ದಿನಕ್ಕೊಮ್ಮೆಯಾದರೂ ಆ ಹೆಸರು ನಾಲಗೆಯ ತುದಿಗೆ ಬರುತ್ತಿತ್ತು. ನುಂಗುತ್ತಿದ್ದ.

"ಈ ತಿಂಗಳೇ ಯಾಕೆ ಕಲೀಬೇಕು?" ಒಂದು ದಿನ ಕೇಳಿದ.

"ಭಾವನ ದೋಣಿ ಹತ್ತಬೇಕು. ಎಂಟನೇ ತಿಂಗಳು ಹುಟ್ಟಿದ ಬೆಳಿಗ್ಗೆ ಬಡಗಣ ಸಮುದ್ರಕ್ಕೆ ಹೊರಡುತ್ತೆ. ಈಜು ಬಾರದವಳನ್ನ ಹತ್ತಿಸಲ್ಲ ಅಂತ ಭಾವ. ಕಲೀಲಾರಳು ಅಂತ ಹಾಗಂದಿರೋದು."

ಅಲ್ಲಿ ಏನು ಕೆಲಸ ಎಂದು ಕೇಳಬೇಕೆಂದುಕೊಂಡ. ಅಷ್ಟರಲ್ಲಿ ಅವಳು ಕನ್ನಡಕ ಇಳಿಸಿದ್ದಳು.

ಕಾಲು ಬಡಿಯುವುದು ಬಂತು. ಮೊದಮೊದಲು ಸೈಕಲ್ ತುಳಿದಂತೆ ಮೊಣಕಾಲು ಮಡಚುತ್ತಿದ್ದಳು. ಅವನು ಪಾದ ಹಿಡಿದು ಸೊಂಟದಿಂದ ಆಡಿಸಲು ಕಲಿಸಿದ. ತೋಳು ಬಂತು. ಬಾರದೇ ಉಳಿದದ್ದು ಉಸಿರು. ಎದೆ ತುಂಬ ಗಾಳಿ ಎಳೆದುಕೊಂಡು ಹಾಗೇ ಗಟ್ಟಿ ಹಿಡಿದಿಡುತ್ತಿದ್ದಳು. ಮುಖ ಹೊರಳಿಸಿದಾಗ ಹೊಸ ಉಸಿರಿಗೆ ಒಳಗೆ ಜಾಗವೇ ಇರುತ್ತಿರಲಿಲ್ಲ. ಅರ್ಧ ಕೊಳಕ್ಕೆ ಮುಗ್ಗರಿಸಿ, ಅವನ ಮಣಿಕಟ್ಟು ಹುಡುಕುತ್ತಿದ್ದಳು.

"ಹಳೇದನ್ನ ಬಿಟ್ರೆ ತಾನೇ ಹೊಸದು ಬರೋದು," ಅಂದ.

"ಹೇಳೋದು ಸುಲಭ," ಎಂದಳು, ಅವನನ್ನು ನೋಡದೆ.

ಗುನುಗಲು ಕಲಿತ ದಿನ ಅವಳ ಗಾಳಿ ಸ್ವಲ್ಪ ಸಡಿಲವಾಯಿತು. ಹೇಗೆ ಬಿಡುತ್ತಿದ್ದಾಳೆ ನೋಡೋಣವೆಂದು ಅವನೂ ಎದುರಿಗೆ ಮುಳುಗಿದ. ಹಸಿರು ಬೆಳಕಿನಲ್ಲಿ ಅವಳ ಮುಖ ತೀರಾ ಹತ್ತಿರವಿತ್ತು. ಕೆನ್ನೆ ಉಬ್ಬಿತ್ತು, ಮೂಗಿನ ತುದಿಯಲ್ಲಿ ಒಂದು ಗುಳ್ಳೆ ಮುತ್ತಿನಂತೆ ಅಂಟಿಕೊಂಡಿತ್ತು. ನೀರು ತಂದ ಸದ್ದು ವಿಚಿತ್ರವಾಗಿತ್ತು. ಬುನ್... ಬುನ್... ಬುನ್.

ಮೇಲೆ ಬಂದವನು ನಗು ತಡೆಯಲಾರದೆ ಹೋದ. ಖಾಲಿ ಕೊಳದ ಮಾಡು ಪ್ರತಿಧ್ವನಿಸುವಂತೆ, ಕೈಗಳನ್ನು ಬಾಯಿಗೆ ಬಟ್ಟಲಿನಂತೆ ಹಿಡಿದು ಕೂಗಿದ:

"ಉಂಡೆ ಬೇಯ್ತಾ ಇದೆ! ಬುನ್! ಬುನ್! ಬುನ್!"

ಅವಳ ಮುಖದ ಬಣ್ಣ ಇಳಿದುಹೋಯಿತು. ನೀರನ್ನೇ ನೋಡಿದಳು, ಯಾರೋ ಏಳುತ್ತಾರೇನೋ ಎಂಬಂತೆ. ಆಮೇಲೆ ಏಣಿ ಹತ್ತಿದಳು. ಟವೆಲ್ ಕೂಡ ತೆಗೆದುಕೊಳ್ಳದೆ ಹೊರಟುಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವನ ಮಣಿಕಟ್ಟಿನ ಉಗುರಿನ ಗುರುತು ಮಾಸತೊಡಗಿತು. ಅದು ಅವನಿಗೆ ಹಿಡಿಸಲಿಲ್ಲ. ಟವೆಲ್ ಮಡಿಸಿ, ಹಿಡಿದು ಪೇಟೆಗೆ ಹೋದ.

ಅಂಗಡಿಯ ಮುಂದೆ ಅಂದು ಒಳ್ಳೇ ಅಣ್ಣಂದಿರಿಗೆ ಊಟದ ಮೇಜು ಹಾಕಿದ್ದರು. ಅನ್ನ, ಇಡೀ ಕೋಳಿ, ಬಿಯರ್ ಡಬ್ಬಿ, ಪ್ರತಿ ಬಟ್ಟಲಲ್ಲೂ ಒಂದೊಂದು ಊದುಬತ್ತಿ. ಕೆಳಗೆ ಸ್ಟೂಲಿನ ಮೇಲೆ ನೀರು ತುಂಬಿದ ಬೋಗುಣಿ, ಹೊಸ ಟವೆಲ್, ಬಾಚಣಿಗೆ. ದೂರದಿಂದ ಬಂದವರು ಮುಖ ತೊಳೆಯಬೇಕಲ್ಲ. ಪಕ್ಕದಲ್ಲಿ ಒಬ್ಬ ಮುದುಕಿ ಸತ್ತವರಿಗೆಂದು ಸುಡುವ ಚಿನ್ನದ ಕಾಗದ ಮಡಚುತ್ತಿದ್ದಳು.

"ಈಜಿನ ಮೇಷ್ಟ್ರಾ? ಬಾರಪ್ಪ, ನಿನ್ನನ್ನೇ ಬೈಬೇಕಿತ್ತು," ಎಂದಳು. "ಏನು ಹೇಳ್ಕೊಟ್ಟಿದೀಯ ನನ್ನ ಸೊಸೆಗೆ? ಅಣ್ಣಂದಿರಿಗೆ ಅಂತ ಇಟ್ಟ ನೀರಲ್ಲಿ ಮುಖ ಅದ್ದಿ ಗುಳುಗುಳು ಮಾಡ್ತಾಳೆ! ನಮ್ಮ ಬುನ್ ಬಂದ್ರೆ ಮುಖ ತೊಳೆಯೋಕೆ ಬೇಡ್ವಾ?"

"ಯಾರು... ಬುನ್?"

"ನನ್ನ ಮಗ. ಇವಳ ಗಂಡ. ಬಡಗಣ ಸಮುದ್ರಕ್ಕೆ ಹೋದವನು ಬರಲೇ ಇಲ್ಲ. ದೇಹ ಕೂಡ ಸಿಗಲಿಲ್ಲ."

ತಿಂಗ್-ಯಾವ್‌ನ ಕೈಯಲ್ಲಿದ್ದ ಟವೆಲ್ ಒದ್ದೆಯಾಗಿರಲಿಲ್ಲ. ಆದರೂ ಭಾರವೆನಿಸಿತು. ಏಳನೇ ತಿಂಗಳಲ್ಲಿ, ನೀರಿನಲ್ಲಿ ನಿಂತು, ನಗುತ್ತ, ಆ ಹೆಸರನ್ನು ಅವನು ಮೂರು ಸಲ ಕೂಗಿದ್ದ.

ಒಳಗಿಂದ ಉಂಡೆಯ ತಟ್ಟೆ ಹಿಡಿದು ಪೇ-ಯುನ್ ಬಂದಳು. ಅವನನ್ನು ಕಂಡು ನಿಂತಳು.

"ನನಗೆ ಗೊತ್ತಿರ್ಲಿಲ್ಲ," ಅಂದ. "ಗುಳ್ಳೆ ಸದ್ದು ಅಂದ್ಕೊಂಡೆ."

"ನಿಮ್ಮದೇನು ತಪ್ಪು. ಮನೇಲಿ ನಾನು ಆ ಹೆಸರು ಎತ್ತಿದ್ರೆ ಅತ್ತೆ ಅಳ್ತಾರೆ. ನೀರೊಳಗೆ ಯಾರಿಗೂ ಕೇಳಿಸಲ್ಲ ಅಂದ್ಕೊಂಡೆ." ತಟ್ಟೆ ಮೇಜಿನ ಮೇಲಿಟ್ಟಳು. "ನನ್ನನ್ನ ಎಳೆಯೋದಿದ್ರೆ ಅವನೇ ಎಳೀಲಿ ಅಂತಲೂ ಮನಸ್ಸಲ್ಲಿತ್ತು. ಮೊದಮೊದಲು."

"ಈಗ?"

ಅವಳು ಬಂದರಿನ ಕಡೆ ನೋಡಿದಳು.

"ಆ ಕಟ್ಟೆ ಮೇಲೆ ವರ್ಷಗಟ್ಲೆ ನಿಂತಿದೀನಿ, ಮೇಷ್ಟ್ರೇ. ದೂರದಲ್ಲಿ ಬರೋ ದೋಣಿ ಪ್ರತಿಯೊಂದೂ ಅವನದ್ದೇ ಥರ ಕಾಣೋದು. ಹತ್ತಿರ ಬಂದ್ಮೇಲೆ ಬೇರೆಯವರದ್ದಾಗೋದು. ಕಾಯೋದು ಅಂದ್ರೆ ಉಸಿರು ಹಿಡ್ಕೊಂಡೇ ಬದುಕೋದು. ವೈರಿಗೂ ಬೇಡ. ಅವನು ಮುಳುಗಿದ ಜಾಗ ಭಾವನಿಗೆ ಗೊತ್ತು. ಅಲ್ಲಿ ಒಂದ್ಸಲ ನೀರಿಗಿಳಿದು, ಬಿಟ್ಟು ಬರಬೇಕು."

ಅವನು ಟವೆಲನ್ನು ಅವಳ ಕಡೆ ಚಾಚಿದ. "ವಾಪಸ್ ಬರ್ತೀರಾ?"

"ಬರೀ ಹೋಗೋದಾಗಿದ್ರೆ ಈಜು ಯಾಕೆ ಕಲೀಬೇಕಿತ್ತು?" ಅವಳ ಕಣ್ಣಂಚಿನಲ್ಲಿ ಹಳೆಯ ತುಂಟತನ ಒಂದು ಕ್ಷಣ ಮಿಂಚಿ ಆರಿತು. "ನಾಳೆ ಬರ್ತೀನಿ, ಹಲಗೆ. ಉಂಡೆ ಅರ್ಧ ಬೆಂದಿದೆ, ಒಲೆ ಆರಿಸಬೇಡಿ."

ತಿಂಗಳ ಕೊನೆಯ ದಿನ ಅವಳು ಗೋಡೆ ಒದ್ದು ಹೊರಟಳು. ಅವನು ಪಕ್ಕದಲ್ಲೇ ಈಜಿದ, ಮುಟ್ಟಲಿಲ್ಲ. ನಡುವೆ ಒಮ್ಮೆ ತಲೆ ಮುಳುಗಿಸಿ ಕಿವಿಗೊಟ್ಟ. ಹೆಸರಿಲ್ಲ. ಬರೀ ಗುಳ್ಳೆಗಳು, ಬುಳುಬುಳು, ಯಾರ ಹೆಸರೂ ಅಲ್ಲದ ಸದ್ದು. ಮುಖ ಹೊರಳಿತು, ಹೊಸ ಉಸಿರು ಒಳಗೆ ಹೋಯಿತು. ಆಚೆ ಗೋಡೆಯನ್ನು ಮುಟ್ಟಿ ತಿರುಗಿದಾಗ ಅವಳು ಅಳುತ್ತಿದ್ದಳೋ, ಕನ್ನಡಕದೊಳಗೆ ನೀರು ಹೋಗಿತ್ತೋ.

"ತೇಲಿತು," ಎಂದಳು ಏದುಸಿರಿನಲ್ಲಿ.

ಅವನು ಮಣಿಕಟ್ಟು ಮುಂದೆ ಚಾಚಿದ್ದ. ಅವಳಿಗೆ ಅದು ಬೇಕಾಗಲಿಲ್ಲ.

ಮರುದಿನ ಬೆಳಿಗ್ಗೆ ಸತ್ತವರ ಲೋಕದ ಬಾಗಿಲು ಮುಚ್ಚಿತ್ತು, ಊರಲ್ಲಿ ಸುಟ್ಟ ಕಾಗದದ ಬೂದಿ ಗುಡಿಸುತ್ತಿದ್ದರು. ಧಕ್ಕೆಯಲ್ಲಿ ಭಾವನ ದೋಣಿ ಹೊಗೆಯುಗುಳುತ್ತಿತ್ತು. ಅವಳು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ನಿಂತಿದ್ದಳು. ಕೈಚೀಲದಲ್ಲಿ ಬಿಯರ್ ಡಬ್ಬಿ, ಬಾಳೆಎಲೆಯಲ್ಲಿ ಕಟ್ಟಿದ ಉಂಡೆಗಳು.

"ಮೇಷ್ಟ್ರೇ, ಬೇಗ ಬೇಗ!" ಭಾವ ಕೂಗಿದ. "ನಿಮ್ಮ ಶಿಷ್ಯೆ ಮುಳುಗಿದ್ರೆ ಹೊಣೆ ನಿಮ್ಮದೇ!"

ತಿಂಗ್-ಯಾವ್ ಹತ್ತಿರ ಬಂದ. ರಾತ್ರಿಯೆಲ್ಲ ಜೋಡಿಸಿಟ್ಟ ಮಾತುಗಳು ಎಲ್ಲೋ ಚೆಲ್ಲಿಹೋಗಿದ್ದವು.

"ಪೇ-ಯುನ್," ಎಂದ. ಮೊದಲ ಸಲ. ಅವಳು ಅವನತ್ತ ತಿರುಗಿದಳು. "ವಾಪಸ್ ಬಂದ್ಮೇಲೆ ನಮ್ಮನೆಗೆ ಬನ್ನಿ. ಅತ್ತೇನೂ ಕರ್ಕೊಂಡು ಬನ್ನಿ, ಮೂರು ಜನ ಇರೋಣ. ಎಷ್ಟು ದಿನ ಆದ್ರೂ ಸರಿ. ಈ ಕಟ್ಟೆ ಮೇಲೇ ಕಾಯ್ತಾ ಇರ್ತೀನಿ."

ಅವಳು ಅವನ ಮಣಿಕಟ್ಟು ಹಿಡಿದಳು. ಈ ಸಲ ಉಗುರು ತಾಗಲಿಲ್ಲ. ಹೆಬ್ಬೆರಳಿನಿಂದ ಹಳೆಯ ಗುರುತುಗಳನ್ನು ಒಂದೊಂದಾಗಿ ಸವರಿದಳು, ಒರೆಸಿ ತೆಗೆಯುವವಳಂತೆ. ಆಮೇಲೆ ಕೈ ಬಿಟ್ಟು ದೋಣಿಯ ಹಲಗೆಯ ಮೇಲೆ ಕಾಲಿಟ್ಟಳು.

"ಬೇಡ, ತಿಂಗ್-ಯಾವ್," ಎಂದಳು. "ನೀನು ಕಾಯಬೇಡ."